ಎರಡು ಬಗೆಯ ಏದುಸಿರು

ಒಂಬತ್ತನೇ ತರಗತಿಗೆ ವೃತ್ತದ ಪಾಠ ಮಾಡುತ್ತಿದ್ದ ಚಾರುಲತಾ ಒಂದು ವಾಕ್ಯದ ನಡುವೆ ನಿಂತುಬಿಟ್ಟಳು. ಪಾಠವೇನೂ ಮರೆತಿರಲಿಲ್ಲ. ಏಳು ವರ್ಷದಿಂದ ಹೇಳುತ್ತ ಬಂದ ಪಾಠ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು. ಕೇಂದ್ರದಿಂದ ಎಳೆದ ಲಂಬ ಜ್ಯಾವನ್ನು ಸರಿಯಾಗಿ ಎರಡು ಮಾಡುತ್ತದೆ ಎಂಬ ಪುಟ್ಟ ಮಾತು ಅದು. ಲಂಬದ ತನಕ ಹೋದ ಉಸಿರು ಅಲ್ಲಿಂದ ಮುಂದೆ ಹೋಗಲಿಲ್ಲ, ಅಷ್ಟೇ. ಚಾಕ್ ಹಿಡಿದ ಕೈಯನ್ನು ಬೋರ್ಡಿಗೆ ಊರಿ, ಬಾಯಿ ತೆರೆದು ಗಾಳಿ ಎಳೆದುಕೊಂಡಳು. ಮಕ್ಕಳೆಲ್ಲ ನೋಡುತ್ತಿದ್ದವು.

ಅವಳಿಗೆ ಅದು ನಾಚಿಕೆಯ ವಿಷಯವಾಯಿತು. ಶಾಲೆಯಲ್ಲಿ ಅವಳ ಮಾತಿನ ವೇಗಕ್ಕೆ ಹೆಸರಿತ್ತು; ಮಕ್ಕಳು ಬೆನ್ನ ಹಿಂದೆ ರಾಜಧಾನಿ ಎಕ್ಸ್‌ಪ್ರೆಸ್ ಎನ್ನುತ್ತಿದ್ದುದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಈಗ ಬಸಿರಿನ ಮೂವತ್ತನಾಲ್ಕನೇ ವಾರ. ನಾಗಪುರದ ಮನೀಶ್ ನಗರದಲ್ಲಿ ಅವಳ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡ. ವಾರದಿಂದೀಚೆಗೆ ಎರಡನೇ ಮಹಡಿಯಲ್ಲಿ ನಿಂತು, ಫೋನ್ ನೋಡುವವಳ ಹಾಗೆ ನಟಿಸಿ, ಆಮೇಲೆ ಮೇಲೆ ಹತ್ತುತ್ತಿದ್ದಳು. ಹಾಸಿಗೆಗೆ ಬೆನ್ನು ಕೊಟ್ಟರೆ ಎದೆಯ ಮೇಲೆ ಯಾರೋ ಕೂತಂತೆ.

ಬಾಣಂತನಕ್ಕೆಂದು ಮುಂಚಿತವಾಗಿಯೇ ಬಂದು ಕೂತಿದ್ದ ಅವಳ ತಾಯಿ ಗಂಗೂಬಾಯಿಗೆ ಈ ನಟನೆ ತಿಳಿಯದೆ ಇರಲಿಲ್ಲ. ಧಾರವಾಡದಿಂದ ರೈಲ್ವೆಯಲ್ಲಿದ್ದ ಗಂಡನ ಹಿಂದೆ ಬಂದು, ನಾಗಪುರದಲ್ಲಿ ಮೂವತ್ತೈದು ವರ್ಷ ಕಳೆದ ಹೆಂಗಸು.

"ದಮ್ಮ ಹತ್ತೂದು ಎಲ್ಲಾರಿಗೂ ಇರ್ತದ ಚಾರೂ. ನೀ ಹೊಟ್ಟ್ಯಾಗ ಇದ್ದಾಗ ನನಗೂ ಹತ್ತಿತ್ತು. ಆದ್ರ ಒಮ್ಮೆ ಡಾಕ್ಟರಿಗೆ ತೋರಿಸಿ ಬಾ. ತೋರಿಸಿದ್ರ ಏನ್ ಗಂಟ ಹೋಗ್ತದ?"

ಡಾಕ್ಟರು ರಕ್ತ ನೋಡಿದರು, ಬಿಪಿ ನೋಡಿದರು, ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡಿದರು, ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಎಲ್ಲ ಬರೋಬರ್ ಇತ್ತು. ಗರ್ಭಕೋಶ ಬೆಳೆದು ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯನ್ನು, ಮೇಲಕ್ಕೆ ಒತ್ತುತ್ತಿದೆ, ಶ್ವಾಸಕೋಶಕ್ಕೆ ಕೆಳಗಡೆ ಜಾಗ ಸಾಲುತ್ತಿಲ್ಲ ಎಂದರು. ಔಷಧಿ ಬರೆಯದೆ ಒಂದು ವಿಳಾಸ ಬರೆದುಕೊಟ್ಟರು: ಫಿಸಿಯೋಥೆರಪಿಸ್ಟ್ ದೇಚಮ್ಮ.

"ಮೂವತ್ತೊಂದು ವರ್ಷದಿಂದ ಉಸಿರಾಡಿಕೋತ ಬಂದೇನಿ. ಈಗ ಅದಕ್ಕೂ ಟ್ಯೂಷನ್ ಹೋಗಬೇಕಂತ" ಎಂದು ರಾತ್ರಿ ಊಟಕ್ಕೆ ಕೂತಾಗ ಗಂಡನ ಮುಂದೆ ಹೇಳಿದಳು. ಮಧ್ವೇಶ ಕಳಮೇಶ್ವರದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್, ಮಿತಭಾಷಿ. "ಹೋಗಿ ನೋಡು. ತಪ್ಪಾದ್ರ ಬಿಟ್ಟು ಬಾ" ಎಂದಷ್ಟೇ ಹೇಳಿ ಸಾರಿಗೆ ಕೈಚಾಚಿದ.

ದೇಚಮ್ಮ ಕೊಡಗಿನವರು. ಗಂಡ ವಾಯುಸೇನೆಯಿಂದ ನಿವೃತ್ತರಾದ ಮೇಲೆ ನಾಗಪುರದಲ್ಲೇ ನಿಂತಿದ್ದರು. ವಯಸ್ಸು ಐವತ್ತೈದರ ಮೇಲಿದ್ದರೂ ಬೆನ್ನು ಕಂಬದಷ್ಟು ನೆಟ್ಟಗೆ. ಮನೆಯ ಮುಂದಿನ ಹಾಲ್‌ನಲ್ಲಿ ಚಾಪೆ, ದಿಂಬು, ಕೈಯಿಲ್ಲದ ಕುರ್ಚಿಗಳು. ಅವತ್ತು ಇನ್ನೊಬ್ಬಳು ಹೊಸಬಳೂ ಬಂದಿದ್ದಳು. ಹೆಸರು ನಮ್ರತಾ. ಮೈಸೂರಿನ ಕಡೆಯವಳು, ಇಪ್ಪತ್ತೈದರ ಹುಡುಗಿ, ಚಾರುಲತಾಳಿಗಿಂತ ಮೂರು ವಾರ ಹಿಂದೆ. ಗಂಡ ಶ್ರೀಶನಿಗೆ ಸೇನೆಗೆ ಮದ್ದುಗುಂಡು ತಯಾರಿಸುವ ಆರ್ಡ್ನನ್ಸ್ ಫ್ಯಾಕ್ಟರಿಯಲ್ಲಿ ಕೆಲಸ. ಕ್ವಾರ್ಟರ್ಸ್ ಸಿಗುವ ತನಕ ಮನೀಶ್ ನಗರದಲ್ಲೇ ಬಾಡಿಗೆಗಿದ್ದರು. ಚಾರುಲತಾ ಬಾಗಿಲಲ್ಲಿ ಅಮ್ಮನ ಜೊತೆ ಫೋನಿನಲ್ಲಿ ಆಡಿದ ಕನ್ನಡ ಕೇಳಿಯೇ ಆಕೆಯ ಮುಖ ಅರಳಿತು.

"ಅಕ್ಕ, ನೀವು ಕನ್ನಡದವ್ರಾ? ಅಬ್ಬ! ನಾಲ್ಕು ತಿಂಗಳಿಂದ ತರಕಾರಿಯವನ ಹತ್ರ ಬರೀ ಬೆರಳು ತೋರಿಸ್ಕೊಂಡು ಬದುಕ್ತಾ ಇದೀನಿ."

ದೇಚಮ್ಮ ಇಬ್ಬರನ್ನೂ ಕೂರಿಸಿ, ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಎಣಿಸಲು ಹೇಳಿದರು. ಚಾರುಲತಾ ತನ್ನ ಎಂದಿನ ವೇಗದಲ್ಲಿ ಹೊರಟಳು.

"ಓಡಬೇಡಿ ಟೀಚರ್. ಗಡಿಯಾರದ ಮುಳ್ಳಿನ ಹಾಗೆ, ಒಂದೊಂದೇ."

ಹದಿಮೂರಕ್ಕೆ ಉಸಿರು ಮುಗಿಯಿತು. ನಮ್ರತಾಳದು ಹನ್ನೊಂದಕ್ಕೆ. ದೇಚಮ್ಮ ಎರಡನ್ನೂ ಒಂದು ಪುಸ್ತಕದಲ್ಲಿ ಬರೆದುಕೊಂಡರು.

ಆಮೇಲೆ ಕುರ್ಚಿಯನ್ನು ತಿರುಗಿಸಿ, ಬೆನ್ನಿನ ಕಡೆ ಮುಖಮಾಡಿ ಕಾಲು ಅಗಲಿಸಿ ಕೂತು, ಕುರ್ಚಿಯ ಬೆನ್ನಿನ ಮೇಲೆ ದಿಂಬಿಟ್ಟು ಒರಗಲು ಹೇಳಿದರು. ಹೊಟ್ಟೆ ಮುಂದಕ್ಕೆ ಜೋತುಬಿತ್ತು. ಚಾರುಲತಾಳಿಗೆ ಪಕ್ಕೆಲುಬಿನ ಕೆಳಗೆ ಯಾರೋ ಕೈತೆಗೆದಂತಾಯಿತು. ದೇಚಮ್ಮ ಹಿಂದೆ ನಿಂತು ಎರಡೂ ಅಂಗೈಗಳನ್ನು ಅವಳ ಪಕ್ಕೆಗಳ ಮೇಲೆ ಇಟ್ಟರು.

"ಕೆಳಗೆ ಜಾಗ ಇಲ್ಲ, ಅಲ್ಲಿ ಮಗು ಇದೆ. ಭುಜ ಎತ್ತಿ ಮೇಲೆ ಎಳೆದುಕೊಂಡ್ರೆ ಬರೀ ಸುಸ್ತು. ಪಕ್ಕಕ್ಕೆ ಹೋಗಿ. ಮೂಗಿನಿಂದ ನಿಧಾನ ತಗೊಳ್ಳಿ, ನನ್ನ ಕೈ ಹೊರಗೆ ತಳ್ಳಬೇಕು. ಬಿಡುವಾಗ ತುಟಿ ಸಣ್ಣ ಮಾಡಿ, ಬಿಸಿ ಚಹಾ ಆರಿಸೋ ಹಾಗೆ ಊದಿ. ತಗೊಳ್ಳೋದು ಮೂರು ಎಣಿಸೋವಷ್ಟು, ಬಿಡೋದು ಆರು."

ಮೊದಲ ನಾಲ್ಕೈದು ಸಲ ಭುಜಗಳೇ ಎದ್ದವು. ದೇಚಮ್ಮ ಪ್ರತಿ ಸಲವೂ ಭುಜಕ್ಕೆ ಮೆಲ್ಲನೆ ತಟ್ಟಿದರು. ಎಂಟನೆಯದೋ ಒಂಬತ್ತನೆಯದೋ ಸಲ ಪಕ್ಕೆಗಳು ಅಗಲವಾಗಿ ತೆರೆದುಕೊಂಡು, ಬೆನ್ನಿನವರೆಗೂ ಗಾಳಿ ಹೋದದ್ದು ಚಾರುಲತಾಳಿಗೇ ಗೊತ್ತಾಯಿತು. ಇಷ್ಟು ದಿನ ಮನೆಯಲ್ಲೇ ಇದ್ದ ಒಂದು ಕೋಣೆಯ ಬಾಗಿಲು ತೆರೆಯದೆ ಇದ್ದೆನಲ್ಲ ಎನಿಸಿತು. ಸುಮ್ಮನೆ ನಕ್ಕಳು. ಗಾಳಿ ತುಸು ಹೊರಬಿತ್ತು.

"ನಗೋದೂ ಒಳ್ಳೇದೆ" ಎಂದರು ದೇಚಮ್ಮ. "ಮೆಟ್ಟಿಲು ಹತ್ತೋವಾಗ ಕಾಲು ಎತ್ತಿ ಇಡೋ ಹೊತ್ತಿಗೆ ಉಸಿರು ಬಿಡಿ, ತಡೆದು ಹಿಡೀಬೇಡಿ. ಮಲಗೋವಾಗ ಎಡಮಗ್ಗುಲಾಗಿ, ಮೂರು ದಿಂಬು ಹಾಕಿ ಮೇಲ್ಭಾಗ ಎತ್ತರ ಮಾಡಿ. ತಲೆ ಹಗುರಾದ ಹಾಗೆ ಅನ್ನಿಸಿದ್ರೆ ನಿಲ್ಲಿಸಿ, ಮಾಮೂಲಿಯಾಗಿ ಉಸಿರಾಡಿ."

ಹೊರಡುವ ಮುಂಚೆ ದೇಚಮ್ಮ ಇಬ್ಬರನ್ನೂ ನಿಲ್ಲಿಸಿದರು. ದನಿ ಬೇರೆಯಾಗಿತ್ತು.

"ಇನ್ನೊಂದು ಮಾತು. ನಾನು ಹೇಳಿಕೊಟ್ಟದ್ದು ಒಂದು ಬಗೆಯ ಏದುಸಿರಿಗೆ. ಕೂತು, ಒರಗಿ, ಹತ್ತು ನಿಮಿಷ ಹೀಗೆ ಮಾಡಿದ್ರೆ ಅದು ಇಳಿಯುತ್ತೆ. ಇನ್ನೊಂದು ಬಗೆ ಇದೆ. ಸುಮ್ಮನೆ ಕೂತ್ರೂ ಇಳಿಯೋದಿಲ್ಲ. ಮಲಗಿದ್ರೆ ಕೆಮ್ಮು, ಎದ್ದು ಕೂತ್ಕೊಳ್ಳಲೇಬೇಕು. ಎದೆ ನೋವು, ಎದೆ ಡವಗುಟ್ಟೋದು, ಮುಖ ಕಾಲು ದಿಢೀರಂತ ಊದೋದು, ತುಟಿ ನೀಲಿಯಾಗೋದು. ಅದಕ್ಕೆ ನನ್ನ ಹತ್ರ ವ್ಯಾಯಾಮ ಇಲ್ಲ. ನನಗೆ ಫೋನ್ ಕೂಡ ಮಾಡಬೇಡಿ. ನೇರ ಆಸ್ಪತ್ರೆ."

ಚಾರುಲತಾ ಅದನ್ನು ಫೋನಿನಲ್ಲಿ ಬರೆದುಕೊಂಡಳು. ನಮ್ರತಾ ತಲೆಯಾಡಿಸಿದಳು.

ಹಿಡಿದದ್ದನ್ನು ಬಿಡುವ ಜಾಯಮಾನ ಚಾರುಲತಾಳದಲ್ಲ. ಬೆಳಿಗ್ಗೆ ಹತ್ತು ನಿಮಿಷ, ಶಾಲೆಯಿಂದ ಬಂದ ಮೇಲೆ ಹತ್ತು ನಿಮಿಷ. ಊಟದ ಮೇಜಿನ ಕುರ್ಚಿಯನ್ನು ತಿರುಗಿಸಿ ಕೂತ ಮಗಳನ್ನು ನೋಡಿ ಗಂಗೂಬಾಯಿ, "ಕುದುರಿ ಹತ್ತಿದವರಂಗ ಕೂತೀಯಲ್ಲವಾ" ಎಂದು ನಕ್ಕರು, ಆದರೆ ಮೂರನೇ ದಿನ ತಾವೇ ದಿಂಬು ತಂದಿಟ್ಟರು. ಎರಡು ವಾರಕ್ಕೆ ಎಣಿಕೆ ಇಪ್ಪತ್ತೊಂದಕ್ಕೆ ಹೋಯಿತು. ಎರಡನೇ ಮಹಡಿಯಲ್ಲಿ ನಿಲ್ಲುವುದು ತಪ್ಪಲಿಲ್ಲ, ಆದರೆ ಫೋನ್ ನೋಡುವ ನಟನೆ ಬಿಟ್ಟಳು. ನಿಂತು, ಕಟಾಂಜನಕ್ಕೆ ಒರಗಿ, ಮೂರು ಸಲ ಊದಿ, ಮತ್ತೆ ಹತ್ತುವಳು. ಯಾರಾದರೂ ನೋಡಿದರೆ ನೋಡಲಿ. ತರಗತಿಯಲ್ಲೂ ನಿಧಾನವಾಗಿ ಮಾತಾಡತೊಡಗಿದಳು. ಹಿಂದಿನ ಬೆಂಚಿನವನೊಬ್ಬ, "ಮ್ಯಾಡಮ್, ಆತಾ ಸಮಜತೆ" ಎಂದ, ಈಗ ಅರ್ಥವಾಗುತ್ತದೆ ಎಂದು. ಅವಳಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ.

ನಮ್ರತಾ ಮಾತ್ರ ದೇಚಮ್ಮನವರ ಎರಡು ಕ್ಲಾಸು ತಪ್ಪಿಸಿದಳು. ಕೇಳಿದರೆ "ಸ್ವಲ್ಪ ಶೀತ ಅಕ್ಕ" ಎಂದಳು. ಏದುಸಿರು ಬರುತ್ತದೆ ಎಂದಾಗಲೆಲ್ಲ ಚಾರುಲತಾ, "ನನಗೂ ಹಂಗ" ಎಂದು ಸಮಾಧಾನ ಹೇಳುತ್ತಿದ್ದಳು.

ಸಂಕ್ರಾಂತಿ ಮುಗಿದ ಶನಿವಾರ ಇಬ್ಬರೂ ಸೀತಾಬರ್ಡಿಯ ಪೇಟೆಗೆ ಹೋದರು. ಹುಟ್ಟುವ ಮೊದಲೇ ಕೂಸಿನ ಬಟ್ಟೆ ತರಬಾರದೆಂದು ಗಂಗೂಬಾಯಿ ತಡೆದಿದ್ದರು. "ಬಟ್ಟಿ ತರೂದಿಲ್ಲವ್ವಾ, ಬರೇ ಅರಿವಿ ತರ್ತೀನಿ. ಹೊಲಿಯೂದು ಆಮ್ಯಾಲೆ" ಎಂದು ಚಾರುಲತಾ ದಾರಿ ಮಾಡಿಕೊಂಡಿದ್ದಳು. ಮೆಟ್ರೋದಲ್ಲಿ ಕೂರುವ ಜಾಗ ಸಿಕ್ಕಿತು. ಕೂಸಿನ ತಲೆಗೆ ಹಾಕುವ ಟೋಪಿಗೆ ಅವಳು ಕುಂಚಿಗಿ ಎಂದರೆ ನಮ್ರತಾ ಕುಲಾವಿ ಎಂದಳು. ಎರಡೂ ಒಂದೇ ಹೌದೋ ಅಲ್ಲವೋ ಎಂದು ದಾರಿಯುದ್ದಕ್ಕೂ ಚರ್ಚೆ. ನಮ್ರತಾಳ ಮಾತು ಕಡಿಮೆಯಿತ್ತು. ನಡುನಡುವೆ ಒಣ ಕೆಮ್ಮು.

ಬಟ್ಟೆಯಂಗಡಿ ಒಂದನೇ ಮಹಡಿಯಲ್ಲಿತ್ತು. ಹತ್ತುವಾಗ ಚಾರುಲತಾ ಹೆಜ್ಜೆಗೊಂದು ಉಸಿರು ಬಿಡುತ್ತ ಹೋದಳು. ಮೇಲೆ ಮುಟ್ಟಿ ತಿರುಗಿ ನೋಡಿದರೆ ನಮ್ರತಾ ನಾಲ್ಕು ಮೆಟ್ಟಿಲು ಕೆಳಗೆ ಗೋಡೆಗೆ ಆತುಕೊಂಡಿದ್ದಳು. ಕೈ ಕೊಟ್ಟು ಕರೆತಂದು, ಅಂಗಡಿಯವನಿಂದ ಸ್ಟೂಲ್ ಕೇಳಿ, ಗಲ್ಲಾಪೆಟ್ಟಿಗೆಯ ಮೇಜಿನ ಮೇಲೆ ಒರಗಿಸಿದಳು. ತಾನೂ ಪಕ್ಕದಲ್ಲಿ ಕೂತಳು.

"ಬಾ, ಕೂಡಿ ಮಾಡೂಣು. ಮೂಗಿನಿಂದ. ಪಕ್ಕಕ್ಕ. ಈಗ ಊದು."

ಐದು ನಿಮಿಷಕ್ಕೆ ಚಾರುಲತಾಳ ಉಸಿರು ತಣ್ಣಗಾಯಿತು. ಹತ್ತು ನಿಮಿಷವಾದರೂ ನಮ್ರತಾಳದು ಹಾಗೇ ಇತ್ತು. ಕುತ್ತಿಗೆಯ ನರಗಳು ಎದ್ದು ಕಾಣುತ್ತಿದ್ದವು, ಹಣೆಯಲ್ಲಿ ಜನವರಿಯ ಚಳಿಯಲ್ಲೂ ಬೆವರು.

"ಎಣಿಸು ನೋಡೂಣು" ಎಂದಳು ಚಾರುಲತಾ.

"ಒಂದು... ಎರಡು... ಮೂರು... ನಾಲ್ಕು..." ಐದಕ್ಕೆ ಕೆಮ್ಮು ಬಂತು.

ಚಾರುಲತಾ ಬಗ್ಗಿ ನೋಡಿದಳು. ಚಪ್ಪಲಿಯ ಪಟ್ಟಿ ಪಾದದೊಳಗೆ ಹೂತುಹೋಗಿತ್ತು. "ರಾತ್ರಿ ಹೆಂಗ ಮಲಗ್ತೀ? ಖರೇ ಹೇಳು."

ನಮ್ರತಾ ತಲೆ ತಗ್ಗಿಸಿದಳು. "ಮಲಗಿಲ್ಲ ಅಕ್ಕ. ಎರಡು ರಾತ್ರಿಯಿಂದ ಕುರ್ಚೀಲೇ ಕೂತಿದ್ದೆ. ಮಲಗಿದ್ರೆ ಮುಳುಗಿದ ಹಾಗಾಗತ್ತೆ. ಊರಿಗೆ ಫೋನ್ ಮಾಡಿದ್ರೆ ಎಲ್ಲರಿಗೂ ಹೀಗೇ ಅಂದ್ರು. ನಿಮಗೂ ಇತ್ತಲ್ಲ..."

ನಿಮಗೂ ಇತ್ತಲ್ಲ. ಆ ಮಾತು ಚಾರುಲತಾಳಿಗೆ ಚುಚ್ಚಿತು. ಇಬ್ಬರದೂ ಒಂದೇ ಎಂದು ತಾನೇ ಹತ್ತು ಸಲ ಸಮಾಧಾನ ಹೇಳಿದ್ದಳಲ್ಲ.

ಅಂಗಡಿಯಲ್ಲಿ ಜನ ಸೇರಿದರು. ಒಬ್ಬಾಕೆ ಗ್ಯಾಸ್ ಎಂದಳು, ಇನ್ನೊಬ್ಬಾಕೆ ಓಮ ತಿನ್ನಿಸಿ ಎಂದಳು. ಅಂಗಡಿಯವನು ಪಾಪ, ಒಳಗಿನ ಗಾದಿಯ ಮೇಲಿನ ಬಟ್ಟೆಯನ್ನೆಲ್ಲ ಸರಿಸಿ, "ತಾಯಿ, ಇಲ್ಲಿ ಮಲಗಿಸಿ" ಎಂದು ಮರಾಠಿಯಲ್ಲಿ ಹೇಳಿದ.

"ಮಲಗಿಸೂದು ಬ್ಯಾಡ!" ಗಾಬರಿಯಲ್ಲಿ ಕನ್ನಡದಲ್ಲೇ ಕೂಗಿ, ಆಮೇಲೆ ಮರಾಠಿಯಲ್ಲಿ ಹೇಳಿದಳು.

ಶ್ರೀಶನಿಗೆ ಫೋನ್ ಹಚ್ಚಿದರೆ ಎತ್ತಲಿಲ್ಲ. ಫ್ಯಾಕ್ಟರಿಯ ಗೇಟಿನಲ್ಲೇ ಮೊಬೈಲು ಇಟ್ಟು ಒಳಗೆ ಹೋಗಬೇಕು. ಸಂಜೆಯ ತನಕ ಸಿಗುವವನಲ್ಲ.

"ಅವರನ್ನ ಕೇಳದೆ ಆಸ್ಪತ್ರೆಗೆ ಬೇಡ ಅಕ್ಕ" ಎಂದಳು ನಮ್ರತಾ, ಮಾತುಮಾತಿಗೂ ತಡೆಯುತ್ತ. "ಇನ್ನೊಂದ್ಸಲ ವ್ಯಾಯಾಮ ಮಾಡೋಣ. ಸರಿ ಹೋಗತ್ತೆ."

ಒಂದು ಗಳಿಗೆ ಚಾರುಲತಾಳಿಗೂ ಅಳುಕಾಯಿತು. ಏನೂ ಇಲ್ಲದ್ದಕ್ಕೆ ರಂಪ ಮಾಡಿದಂತಾದರೆ? ಪರವೂರಿನ ಹುಡುಗಿ, ಗಂಡನಿಗೆ ಗೊತ್ತಿಲ್ಲದೆ ಕರೆದೊಯ್ಯಲು ತಾನು ಯಾರು? ಆದರೆ ಲೆಕ್ಕ ಕಣ್ಣೆದುರಿಗೇ ಇತ್ತು. ಮೂರು ವಾರದ ಹಿಂದೆ ಹನ್ನೊಂದು, ಇವತ್ತು ಐದು. ಹತ್ತು ನಿಮಿಷ ಕೂತರೂ ಇಳಿಯದ ಉಸಿರು. ಎರಡು ರಾತ್ರಿ ಕುರ್ಚಿ. ಇದರಲ್ಲಿ ಸಂಶಯ ಪಡುವುದಕ್ಕೆ ಏನೂ ಉಳಿದಿರಲಿಲ್ಲ.

"ನಮ್ರತಾ, ನನ್ನ ಮಾರಿ ನೋಡು" ಎಂದಳು. "ಇದು ನನ್ನ ಥರದ್ದಲ್ಲ. ವ್ಯಾಯಾಮ ಇದಕ್ಕ ಅಲ್ಲ ಅಂತ ದೇಚಮ್ಮ ಮೇಡಂ ಅವತ್ತೇ ಹೇಳಿದ್ರು. ತಪ್ಪಾದ್ರ ಶ್ರೀಶ ಅವರ ಕಡೆ ನಾ ಬೈಸಿಕೋತೀನಿ. ಈಗ ಏಳು."

ಅಂಗಡಿಯ ಇಬ್ಬರು ಹೆಂಗಸರು ನಮ್ರತಾಳನ್ನು ಸ್ಟೂಲ್ ಸಮೇತ ಎತ್ತಿ ಮೆಟ್ಟಿಲು ಇಳಿಸಿ, ಹಾಗೇ ಹೊತ್ತು ಹೊರಟರು. ಶನಿವಾರದ ಸಂತೆಯಂಥ ಜನ. ಆಟೋ ಒಳಗೆ ಬರುವ ಹಾಗಿರಲಿಲ್ಲ. ಚಾರುಲತಾ ಮುಂದೆ ನಡೆದಳು, ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಕೈ ಮೇಲೆತ್ತಿ. ಪಕ್ಕೆ ತುಂಬ ಗಾಳಿ ಎಳೆದುಕೊಂಡು ಕೂಗಿದಳು, "ಬಾಜೂಲಾ ವ್ಹಾ! ರಸ್ತಾ ದ್ಯಾ!" ಬದಿಗೆ ಸರಿಯಿರಿ, ದಾರಿ ಬಿಡಿ ಎಂದು. ತರಗತಿಯಲ್ಲಿ ಐವತ್ತು ಮಕ್ಕಳನ್ನು ಅಲ್ಲಾಡದಂತೆ ಕೂರಿಸುವ ದನಿ ಅದು. ಸಾಕ್ಸು ಮಾರುವವನು ಬುಟ್ಟಿ ಎತ್ತಿಕೊಂಡ, ಸ್ಕೂಟರಿನವನು ಹಿಂದೆ ಸರಿದ. ಮೂಲೆಯ ಮೇಲೆ ಆಟೋ ಸಿಕ್ಕಿತು. ಕೂತ ಮೇಲೆ ಅವಳಿಗೂ ದಮ್ಮು ಹತ್ತಿತು. ಮುಂದಿನ ಸರಳನ್ನು ಹಿಡಿದು ಬಗ್ಗಿ, ಮೂರಕ್ಕೆ ಎಳೆದು ಆರಕ್ಕೆ ಬಿಟ್ಟಳು. ನಾಲ್ಕನೇ ಸಲಕ್ಕೆ ಹದಕ್ಕೆ ಬಂತು. ನಮ್ರತಾಳ ತಲೆ ಅವಳ ಭುಜದ ಮೇಲಿತ್ತು, ನೆಟ್ಟಗೆ ಕೂರಿಸಿಯೇ ಹಿಡಿದಿದ್ದಳು.

ಆಸ್ಪತ್ರೆಯ ಕೌಂಟರಿನವಳು ತಲೆ ಎತ್ತದೆ ನಂಬರಿನ ಚೀಟಿ ಕೊಟ್ಟು, ಪ್ರಸೂತಿ ವಿಭಾಗದ ಮುಂದೆ ಕೂತುಕೊಳ್ಳಲು ಹೇಳಿದಳು. ಚಾರುಲತಾ ಚೀಟಿಯನ್ನು ಅಲ್ಲೇ ಬಿಟ್ಟು, ಒಳಗೆ ಹೋಗುತ್ತಿದ್ದ ಬಿಳಿ ಕೋಟಿನ ವೈದ್ಯೆಯನ್ನು ತಡೆದಳು.

"ಮೂವತ್ತನಾಲ್ಕನೇ ವಾರ ನಡೀತಿದೆ. ಎರಡು ರಾತ್ರಿಯಿಂದ ಮಲಗೋಕೆ ಆಗಿಲ್ಲ, ಕೂತೇ ಇದ್ದಾಳೆ, ಒಣ ಕೆಮ್ಮು ಇದೆ, ಕಾಲು ಊದಿದೆ. ಹತ್ತು ನಿಮಿಷ ಒರಗಿ ಕೂತ್ರೂ ಉಸಿರು ಇಳೀತಾ ಇಲ್ಲ. ಮೂರು ವಾರದ ಹಿಂದೆ ಒಂದೇ ಉಸಿರಿಗೆ ಹನ್ನೊಂದು ಎಣಿಸ್ತಿದ್ದಳು, ಈಗ ಐದು."

ಹಿಂದಿಯಲ್ಲಿ, ಅವಸರವಿಲ್ಲದೆ, ಒಂದೂ ಮಾತು ನುಂಗದೆ ಹೇಳಿದಳು. ವೈದ್ಯೆ ನಮ್ರತಾಳ ಬೆರಳಿಗೆ ಕ್ಲಿಪ್ ಹಾಕಿ ನೋಡಿದವಳೇ ಗಾಲಿಕುರ್ಚಿಗೆ ಕೂಗಿದಳು. ಆಮೇಲೆ ಎಲ್ಲವೂ ಜಲ್ದಿ ಜಲ್ದಿ ನಡೆಯಿತು. ಆಕ್ಸಿಜನ್, ಎದೆಯ ಎಕೋ ಸ್ಕ್ಯಾನ್, ಶ್ವಾಸಕೋಶದ ನೀರು ಇಳಿಸುವ ಇಂಜೆಕ್ಷನ್.

ಒಂದೂವರೆ ತಾಸಿನ ಮೇಲೆ ಹೃದಯದ ಡಾಕ್ಟರು ಹೊರಗೆ ಬಂದರು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಅಪರೂಪಕ್ಕೆ ಒಬ್ಬೊಬ್ಬರಿಗೆ ಹೃದಯದ ಸ್ನಾಯು ಸೋತುಬಿಡುತ್ತದೆ, ರಕ್ತ ತಳ್ಳುವುದು ಸಾಲದೆ ನೀರು ಶ್ವಾಸಕೋಶದಲ್ಲಿ ನಿಲ್ಲುತ್ತದೆ ಎಂದು ವಿವರಿಸಿದರು. "ಇವತ್ತೇ ತಂದದ್ದು ಒಳ್ಳೇದಾಯ್ತು. ಇನ್ನೊಂದು ರಾತ್ರಿ ಮನೆಯಲ್ಲಿ ಕುರ್ಚಿಯ ಮೇಲೆ ಕಳೆದಿದ್ದರೆ ಏನಾಗ್ತಿತ್ತೋ ನಾನು ಹೇಳಲಾರೆ."

ಚಾರುಲತಾ ಗೋಡೆಯ ಬದಿಯ ಬೆಂಚಿಗೆ ಹೋಗಿ ಕೂತಳು. ಅಷ್ಟು ಹೊತ್ತಿಗೆ, ಫೋನಿನಲ್ಲಿ ಸುದ್ದಿ ಕೇಳಿದ್ದ ಗಂಗೂಬಾಯಿ ಡಬ್ಬಿಯಲ್ಲಿ ಅವಲಕ್ಕಿ, ಥರ್ಮಾಸಿನಲ್ಲಿ ಹಾಲು ಹಿಡಿದು ಬಂದರು. ಮಗಳನ್ನು ಒಂದು ಮಾತೂ ಬೈಯಲಿಲ್ಲ. ಪಕ್ಕದಲ್ಲಿ ಕೂತು ಬೆನ್ನು ಸವರಿದರು. "ಮೊದಲ ತಿನ್ನು. ಆಮ್ಯಾಲೆ ಅಳು ಬೇಕಾದ್ರ."

"ನಾ ಎಲ್ಲೆ ಅಳಾಕತ್ತೇನಿ?"

"ಅಳಾಕತ್ತೀ" ಎಂದು ಸೆರಗಿನಿಂದ ಅವಳ ಕೆನ್ನೆ ಒರೆಸಿದರು.

ಸಂಜೆ ಶ್ರೀಶ ಫ್ಯಾಕ್ಟರಿಯ ಸಮವಸ್ತ್ರದಲ್ಲೇ ಓಡಿ ಬಂದ. ಚಾರುಲತಾಳ ಮುಂದೆ ಎರಡೂ ಕೈ ಜೋಡಿಸಿ ನಿಂತ. "ನೀರು ಕುಡೀರಿ ಮೊದಲು" ಎಂದಳು ಅವಳು, ಬಾಟಲಿ ಕೊಟ್ಟು.

ನಮ್ರತಾಳ ಹೃದಯ ಹತೋಟಿಗೆ ಬಂದ ಮೇಲೆ, ಐದನೇ ದಿನ, ಡಾಕ್ಟರುಗಳೆಲ್ಲ ಸೇರಿ ಸಿಸೇರಿಯನ್ ಮಾಡಿದರು. ಗಂಡುಮಗು, ಎರಡು ಕಿಲೋಗೆ ತುಸು ಕಡಿಮೆ. ಎರಡು ವಾರ ಗಾಜಿನ ಪೆಟ್ಟಿಗೆಯಲ್ಲಿದ್ದು, ಹಾಲು ಹೀರುವುದು ಕಲಿತು, ಮನೆಗೆ ಬಂತು. ಅಷ್ಟರಲ್ಲಿ ಮೈಸೂರಿನಿಂದ ನಮ್ರತಾಳ ಅತ್ತೆ ಬಂದಿಳಿದಿದ್ದರು. "ಎಲ್ಲರಿಗೂ ಹೀಗೇ ಅಂತ ಹೇಳಿದವಳು ನಾನೇ ಕಣಮ್ಮ" ಎಂದು ಚಾರುಲತಾಳ ಕೈ ಹಿಡಿದು ಆಕೆ ಬಿಕ್ಕಿದಾಗ, ಚಾರುಲತಾ, "ನಾನೂ ಹಂಗ ಅಂದಿದ್ದೆ ಅಮ್ಮ" ಎಂದಳು.

ದೇಚಮ್ಮ ಸುದ್ದಿ ಕೇಳಿ, ತಮ್ಮ ಪುಸ್ತಕದಲ್ಲಿ ನಮ್ರತಾ ತಪ್ಪಿಸಿದ ಎರಡು ಕ್ಲಾಸುಗಳಿಗೆ ಗುರುತು ಹಾಕಿದರು. ಅಂದಿನಿಂದ ಯಾರಾದರೂ ಒಂದು ಕ್ಲಾಸು ತಪ್ಪಿಸಿದರೂ ಅದೇ ಸಂಜೆ ಫೋನ್ ಮಾಡುವುದನ್ನು ರೂಢಿ ಮಾಡಿಕೊಂಡರು.

ಚಾರುಲತಾಳಿಗೆ ಫೆಬ್ರವರಿಯ ಎರಡನೇ ವಾರ ನೋವು ಬಂತು, ಬೆಳಿಗ್ಗೆ ಎಂಟಕ್ಕೆ. ಹೊಟ್ಟೆ ಕೆಳಗಿಳಿದು, ಅದಾಗಲೇ ಹತ್ತು ದಿನದಿಂದ ಉಸಿರಿನ ತೊಂದರೆ ತಾನಾಗಿಯೇ ಕಡಿಮೆಯಾಗಿತ್ತು. ಕಾರ್ಖಾನೆಗೆ ಹೊರಟಿದ್ದ ಮಧ್ವೇಶ ಅರ್ಧ ದಾರಿಯಿಂದ ತಿರುಗಿ ಬಂದ. ಮೆಟ್ಟಿಲು ಇಳಿಯುವಾಗ ನೋವು ಬಂದರೆ ನಿಂತು, ಅವನ ತೋಳು ಹಿಡಿದು, ತುಟಿ ಸಣ್ಣ ಮಾಡಿ ಊದುವಳು. ಅವನೂ ಗೊತ್ತಿಲ್ಲದೆ ಜೊತೆಗೇ ಊದುತ್ತಿದ್ದ. "ನಿಮಗ ಯಾಕ ಬ್ಯಾನಿ?" ಎಂದು ಕೇಳಿದಳು, ಎರಡು ನೋವುಗಳ ನಡುವೆ. ಮಧ್ಯಾಹ್ನ ಮೂರಕ್ಕೆ ಹೆಣ್ಣುಮಗು ಹುಟ್ಟಿತು. ಅದರ ಮೊದಲ ಅಳು ಹೆರಿಗೆ ಕೋಣೆಯ ಹೊರಗಿನ ತನಕ ಕೇಳಿತೆಂದು ಗಂಗೂಬಾಯಿ ಸಿಕ್ಕವರಿಗೆಲ್ಲ ಹೇಳಿದರು.

ಆಗಸ್ಟಿನ ಒಂದು ಭಾನುವಾರ ನಮ್ರತಾ ಮೂರು ಮಹಡಿ ಹತ್ತಿ ಬಂದಳು. ಶ್ರೀಶ ಮಗುವನ್ನು ಎತ್ತಿಕೊಂಡು ಹಿಂದೆ. ನಮ್ರತಾಳ ಕೈಯಲ್ಲಿ ಎಕೋ ರಿಪೋರ್ಟಿತ್ತು. ಹೃದಯ ಮುಕ್ಕಾಲು ಪಾಲು ಚೇತರಿಸಿಕೊಂಡಿದೆ, ಮಾತ್ರೆ ಇನ್ನೂ ಬಿಡುವ ಹಾಗಿಲ್ಲ, ಇನ್ನೊಂದು ಮಗುವಿನ ಯೋಚನೆಯಿದ್ದರೆ ಮೊದಲು ತಮ್ಮನ್ನು ಕೇಳಬೇಕೆಂದು ಡಾಕ್ಟರು ಹೇಳಿದ್ದರಂತೆ.

"ಒಂದೇ ಸಾಕಕ್ಕ" ಎಂದಳು ನಮ್ರತಾ. "ಇವನೇ ನಾಲ್ಕು ಜನದ ಹಾಗೆ ಅಳ್ತಾನೆ."

ಚಾರುಲತಾ ಅವಳ ಮಗನನ್ನು ಇಸಿದುಕೊಂಡು ಚಾಪೆಯ ಮೇಲೆ ಮಗಳ ಪಕ್ಕ ಮಲಗಿಸಿದಳು. ಹುಡುಗಿ ಕೈಚಾಚಿ ಅವನ ಕಿವಿ ಹಿಡಿದಳು, ಅವನು ಕಿರುಚಿದ. ಗಂಗೂಬಾಯಿ ಒಳಗಿನಿಂದ ಚಹಾದ ತಟ್ಟೆ ಹಿಡಿದು ಬಂದು, "ಬಿಡಸ್ರೇ, ಕಿವಿ ಹರದಾಳು!" ಎಂದರು. ಉಳಿದ ಮೂವರೂ ಒಟ್ಟಿಗೆ ಬಗ್ಗಿದರು.